ಹಳೆಯ ಸೇನಾ ವಾಹನದ ಬರಿಯ ಒಡಲು ತೂಗಿದ್ದು: ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಫ್ಯಾಬ್ರಿಕೇಶನ್ ಶೆಡ್ಡಿಗೆ ಹಳೆಯ ವಾಹನಗಳ ಸಂಗ್ರಾಹಕರೊಬ್ಬರು ಯೂನಿವರ್ಸಲ್ ಕ್ಯಾರಿಯರ್ ವಾಹನದ ಬರಿಯ ಒಡಲನ್ನು ಕೊಟ್ಟಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರೆನ್ ಗನ್ ಕ್ಯಾರಿಯರ್ ಎಂದೇ ಹೆಚ್ಚು ಹೆಸರಾಗಿದ್ದ ಈ ಪುಟ್ಟ ಸರಪಳಿ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಚಕ್ರ, ಟ್ರ್ಯಾಕ್ ಎಲ್ಲವೂ ಮೊದಲೇ ಕಳಚಿ ಹೋಗಿದ್ದವು. ಒಡಲನ್ನು ಎತ್ತಿ ತಿರುಗು ಚೌಕಟ್ಟಿಗೆ ಕೂರಿಸಿ, ತಲೆಕೆಳಗು ಮಾಡಿ ಸ್ಯಾಂಡ್ ಬ್ಲಾಸ್ಟಿಂಗ್ (ರಭಸದಿಂದ ಮರಳು ಚಿಮ್ಮಿಸಿ ತುಕ್ಕು, ಬಣ್ಣ ತೆಗೆಯುವುದು) ಮಾಡಬೇಕಿತ್ತು. ಎತ್ತುವ ಬೆಲ್ಟು, ಅದನ್ನು ಸಿಕ್ಕಿಸುವ ಶಾಕಲ್ ಕೊಂಡಿ, ಚೌಕಟ್ಟಿನ ಬೇರಿಂಗ್ ಯಾವುದನ್ನು ಆರಿಸಬೇಕೆಂದರೂ ಮೊದಲು ತೂಕ ತಿಳಿದಿರಬೇಕು.

ಇಂಥ ಕೆಲಸದಲ್ಲಿ ಹಲವರು ಪುಸ್ತಕದ ತೂಕದಿಂದ ಕಳೆಯುತ್ತಾ ಬರುತ್ತಾರೆ. ಕ್ಯಾರಿಯರ್‌ಗೆ ಸಾಮಾನ್ಯವಾಗಿ ಕೊಡುವ ಅಂಕಿ 3.75 ಟನ್. ಅದು ಬ್ರಿಟಿಷರ ಲಾಂಗ್ ಟನ್ನಾದ್ದರಿಂದ ಒಂದು ಟನ್ನಿಗೆ 1,016 ಕಿಲೋದಂತೆ ಸುಮಾರು 3,810 ಕಿಲೋ ಆಗುತ್ತದೆ. ಅಮೆರಿಕದ ಟನ್ ಎಂದುಕೊಂಡರೆ ಅದೇ ಅಂಕಿ 3,400ಕ್ಕೆ ಇಳಿಯುತ್ತದೆ. ಆ ತೂಕದಲ್ಲಿ ಆಳು, ಮದ್ದುಗುಂಡು, ಪೆಟ್ರೋಲು ಎಷ್ಟು ಸೇರಿವೆ ಎಂಬುದು ಒಂದೊಂದು ಪಟ್ಟಿಯಲ್ಲಿ ಒಂದೊಂದು ಬಗೆ. ಹತ್ತಾರು ಭಾಗಗಳ ಅಂದಾಜು ತೂಕವನ್ನು ಕಳೆದಾಗ ಪ್ರತಿಯೊಂದರ ತಪ್ಪೂ ಕೊನೆಗೆ ಉಳಿಯುವ ಸಣ್ಣ ಅಂಕಿಯ ಮೇಲೆಯೇ ಬಂದು ಕೂರುತ್ತದೆ. ಹೀಗಾಗಿ ನಾನು ಕಳೆಯುವ ಲೆಕ್ಕವನ್ನು ಬಿಟ್ಟು ಕೂಡುವ ಲೆಕ್ಕವನ್ನು ಹಿಡಿದೆ.

ಉಕ್ಕಿನ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಒಂದು ಚದರ ಮೀಟರ್ ಪ್ಲೇಟು, ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ. ಕಷ್ಟವಿರುವುದು ದಪ್ಪವನ್ನು ಸರಿಯಾಗಿ ಹಿಡಿಯುವುದರಲ್ಲಿ. ಈ ಗಾಡಿಯ ಕವಚ 7ರಿಂದ 10 ಮಿಲಿಮೀಟರ್ ಎಂದು ದಾಖಲೆಗಳು ಹೇಳುತ್ತವೆಯಾದರೂ ದಶಕಗಳ ತುಕ್ಕು ತಿಂದ ಮೇಲೆ ಉಳಿದಿರುವುದು ಬೇರೆಯೇ. ಅಂಚಿಗೆ ವರ್ನಿಯರ್ ಹಿಡಿದರೆ ಪದರಗಟ್ಟಿ ಉಬ್ಬಿದ ತುಕ್ಕೂ ಉಕ್ಕಿನ ಲೆಕ್ಕಕ್ಕೆ ಸೇರಿ ಅಳತೆ ಹೆಚ್ಚು ಬರುತ್ತದೆ. ಅದಕ್ಕೆ ಶಬ್ದದ ಅಲೆಯಿಂದ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಬಳಸಿದೆ. ಬಣ್ಣದಲ್ಲಿ ಶಬ್ದ ಉಕ್ಕಿಗಿಂತ ನಿಧಾನವಾಗಿ ಸಾಗುವುದರಿಂದ ಬಣ್ಣದ ಮೇಲೆಯೇ ಗೇಜ್ ಇಟ್ಟರೆ ಅದು ಇಲ್ಲದ ದಪ್ಪವನ್ನು ತೋರಿಸುತ್ತದೆ. ಆದ್ದರಿಂದ ಪ್ರತಿ ಪ್ಲೇಟಿನಲ್ಲೂ ಅಲ್ಲಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ಗ್ರೈಂಡರಿನಿಂದ ಬೆಳ್ಳಗೆ ಮಾಡಿಕೊಂಡು ಅಳೆದೆ.

ಎಡಬದಿಯ ಮೇಲಿನ ಪ್ಲೇಟನ್ನೇ ನೋಡೋಣ. ಕೆಳ ಅಂಚು 2.4 ಮೀಟರ್, ಮೇಲಂಚು 2.1, ಎತ್ತರ 0.55. ಸರಾಸರಿ ಉದ್ದವನ್ನು ಎತ್ತರದಿಂದ ಗುಣಿಸಿದರೆ 1.24 ಚದರ ಮೀಟರ್. ಗೇಜ್ ತೋರಿಸಿದ ಸರಾಸರಿ ದಪ್ಪ 6.6 ಮಿಲಿಮೀಟರ್, ಆದ್ದರಿಂದ ತೂಕ 64 ಕಿಲೋ. ದಾಖಲೆಯ 7 ಮಿಲಿಮೀಟರನ್ನೇ ನಂಬಿದ್ದರೆ ಅದು 68 ಆಗುತ್ತಿತ್ತು. ಹೀಗೆ ಕೂಡುತ್ತಾ ಹೋದಾಗ 7ರ ಪ್ಲೇಟುಗಳಿಂದ 497 ಕಿಲೋ, ಮುಂಭಾಗದ ದಪ್ಪ ಪ್ಲೇಟುಗಳಿಂದ 143, ನೆಲದ ಮತ್ತು ಒಳಗಿನ ತೆಳು ತಗಡುಗಳಿಂದ 126 ಬಂತು. ಪ್ಲೇಟುಗಳನ್ನು ಜೋಡಿಸುವ L ಆಕಾರದ ಆಂಗಲ್‌ಗಳನ್ನು ಮೀಟರಿಗೆ 4.5 ಕಿಲೋದಂತೆ ಹಿಡಿದು 135 ಬರೆದುಕೊಂಡೆ. ರಿವೆಟ್ಟುಗಳಿಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: ರಿವೆಟ್ಟಿನ ಕಡ್ಡಿ ತೂತನ್ನು ತುಂಬಿಕೊಂಡಿರುವುದರಿಂದ ಲೆಕ್ಕಕ್ಕೆ ಸೇರುವುದು ಎರಡು ತಲೆಗಳು ಮಾತ್ರ, ಅವು ನೂರು ರಿವೆಟ್ಟಿಗೆ ಒಂದೂವರೆ ಕಿಲೋದಷ್ಟು. ಅದಕ್ಕೆ 9 ಕಿಲೋ ಹಾಕಿದೆ. ಬ್ರಾಕೆಟ್ಟು, ಕೀಲು, ಅಡ್ಡಪಟ್ಟಿಗಳಿಗೆ 75 ಎಂದು ಕಣ್ಣಂದಾಜು. ಒಟ್ಟು 985 ಕಿಲೋ.

ಕೂಡುವ ಲೆಕ್ಕ ಯಾವಾಗಲೂ ಸ್ವಲ್ಪ ಕಡಿಮೆಯನ್ನೇ ತೋರಿಸುತ್ತದೆ, ಏಕೆಂದರೆ ಮರೆಯುವುದು ಸುಲಭ, ಇಲ್ಲದ್ದನ್ನು ಸೇರಿಸುವುದು ಅಪರೂಪ. ಆದ್ದರಿಂದ ಒತ್ತಡದ ಗೇಜ್ ಕೂರಿಸಿದ ಹೈಡ್ರಾಲಿಕ್ ಜಾಕಿನಿಂದ ತಾಳೆ ನೋಡಿದೆ. ಹಿಂಬದಿಯನ್ನು ಒಂದು ದುಂಡು ಸರಳಿನ ಮೇಲೆ ಕೂರಿಸಿ, ಅಲ್ಲಿಂದ 2.8 ಮೀಟರ್ ಮುಂದೆ ಜಾಕ್ ಇಟ್ಟು, ಬೆರಳು ತೂರುವಷ್ಟು ಮಾತ್ರ ಎತ್ತಿದೆ. ಜಾಕಿನ ಒಳವ್ಯಾಸ 40 ಮಿಲಿಮೀಟರ್, ಅಂದರೆ 12.57 ಚದರ ಸೆಂಟಿಮೀಟರ್. ದೊಡ್ಡ ಜಾಕಿನಲ್ಲಿ ಇಷ್ಟು ತೂಕಕ್ಕೆ ಮುಳ್ಳು ಸರಿಯಾಗಿ ಏಳುವುದೇ ಇಲ್ಲ, ಇಲ್ಲಿ ಚಿಕ್ಕದೇ ಮೇಲು. ಒಳಗಿನ ಸೀಲಿನ ಘರ್ಷಣೆಯಿಂದಾಗಿ ಏರಿಸುವಾಗ ಗೇಜ್ ಹೆಚ್ಚು ತೋರಿಸುತ್ತದೆ, ಇಳಿಸುವಾಗ ಕಡಿಮೆ. ಚದರ ಸೆಂಟಿಮೀಟರಿಗೆ ಏರುವಾಗ 50 ಕಿಲೋ, ಇಳಿಯುವಾಗ 47 ಬಂತು, ಸರಾಸರಿ 48.5ರಂತೆ ಮುಂಬದಿಗೆ 610 ಕಿಲೋ. ಅದೇ ಎರಡು ಬಿಂದುಗಳಲ್ಲಿ ಜಾಕನ್ನೂ ಸರಳನ್ನೂ ಅದಲುಬದಲು ಮಾಡಿದಾಗ ಹಿಂಬದಿಗೆ 452. ಒಟ್ಟು 1,062.

ಎರಡು ಲೆಕ್ಕಗಳ ನಡುವೆ 77 ಕಿಲೋ ಅಂತರ ಉಳಿಯಿತು. ಟ್ರ್ಯಾಕಿನ ಮೇಲಿನ ಚಾಚಿನೊಳಗೆ ಸಿಮೆಂಟಿನಂತೆ ಗಟ್ಟಿಯಾಗಿದ್ದ ಮಣ್ಣನ್ನು ಉಳಿಯಿಂದ ಕೆತ್ತಿ ತೂಗಿದಾಗ ಅದೇ 40 ಕಿಲೋ ಬಂತು. ಉಳಿದದ್ದು ಶೇಕಡಾ ನಾಲ್ಕರೊಳಗೆ, ಅದು ಬೆಸುಗೆ ಮತ್ತು ನನ್ನ ಕಣ್ಣಂದಾಜಿನ ಪಾಲು. ಇಂಥ ಕೆಲಸಕ್ಕೆ ಅಷ್ಟು ಸಾಕು.

ಎತ್ತುವ ದಿನ ಹೈಡ್ರಾ ಕ್ರೇನಿನ ಚಾಲಕರು ಬಂದವರೇ, "ಸಾರ್, ಎಷ್ಟು ಟನ್ ಐತೆ? ಎರಡಾದ್ರೂ ಇರ್ಬೇಕಲ್ವಾ?" ಎಂದರು. ಒಂದು ಟನ್ನಿಗಿಂತ ಸ್ವಲ್ಪ ಮೇಲೆ ಎಂದಾಗ ಅವರು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ; ಬೂಮ್ (ಕ್ರೇನಿನ ತೋಳು) ಚಾಚಿದಷ್ಟೂ ಕ್ರೇನಿನ ಶಕ್ತಿ ಇಳಿಯುವುದರಿಂದ ಅವರ ಅನುಮಾನ ನ್ಯಾಯವಾದದ್ದೇ. ನಾನೂ 1,300 ಎಂದು ಹಿಡಿದೇ ಬೆಲ್ಟುಗಳನ್ನು ಆರಿಸಿದ್ದೆ. ನಾಲ್ಕು ಬೆಲ್ಟು ಹಾಕಿದರೂ ಗಡುಸಾದ ಒಡಲಿನ ಭಾರವನ್ನು ಎದುರುಬದುರಿನ ಎರಡೇ ಹೊರಬಹುದು ಎಂದು ಎಣಿಸಬೇಕು. ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿದ್ದರೆ ಆ ಎರಡರಲ್ಲಿ ಒಂದೊಂದಕ್ಕೂ ಭಾರದ 0.58 ಪಾಲು ಬೀಳುತ್ತದೆ, 30 ಡಿಗ್ರಿಗೆ ಇಳಿದರೆ ಪೂರ್ತಿ ಭಾರವೇ ಬೀಳುತ್ತದೆ. ಲಾರಿಗೆ ಏರಿಸಿದ ಮೇಲೆ ವೇಬ್ರಿಡ್ಜಿನಲ್ಲಿ ಖಾಲಿ ಲಾರಿಯ ತೂಕವನ್ನೂ ಮರದ ದಿಮ್ಮಿಗಳನ್ನೂ ಕಳೆದಾಗ ಉಳಿದದ್ದು 1,030.

ವೇಬ್ರಿಡ್ಜ್ ಚೀಟಿ ಮೊದಲೇ ಸಿಕ್ಕಿದ್ದಿದ್ದರೂ ನಾನು ಪ್ಲೇಟುಗಳ ಪಟ್ಟಿಯನ್ನು ಮಾಡಿಯೇ ಮಾಡುತ್ತಿದ್ದೆ. ತಿರುಗು ಚೌಕಟ್ಟಿಗೆ ತೂಕದಷ್ಟೇ ಭಾರಕೇಂದ್ರವೂ ಬೇಕು. ಉದ್ದಕ್ಕೆ ಅದು ಜಾಕಿನ ಅಂಕಿಗಳಿಂದಲೇ ಸಿಕ್ಕಿತು: ಹಿಂಬದಿಯ ಪಾಲನ್ನು ಒಟ್ಟಿನಿಂದ ಭಾಗಿಸಿ 2.8ರಿಂದ ಗುಣಿಸಿದರೆ, ಮುಂದಿನ ಬಿಂದುವಿನಿಂದ 1.19 ಮೀಟರ್. ಹೈಡ್ರಾದ ಕೊಕ್ಕೆ ನಿಂತದ್ದು ಅದರ ನೇರಕ್ಕೇ. ಎತ್ತರಕ್ಕೆ ಮಾತ್ರ ಪಟ್ಟಿಯೇ ಬೇಕಾಯಿತು: ಪ್ರತಿ ಪ್ಲೇಟಿನ ತೂಕವನ್ನು ನೆಲದ ತಗಡಿನಿಂದ ಅದರ ನಡುವಿನವರೆಗಿನ ಎತ್ತರದಿಂದ ಗುಣಿಸಿ, ಎಲ್ಲವನ್ನೂ ಕೂಡಿ ಒಟ್ಟು ತೂಕದಿಂದ ಭಾಗಿಸಿದೆ. ಚೌಕಟ್ಟಿನ ತಿರುಗುಣಿ ಕೂರುವ ಪ್ಲೇಟಿನಲ್ಲಿ ಆ ಎತ್ತರದ ಮೇಲೂ ಕೆಳಗೂ ಒಂದೊಂದು ತೂತು ಹೆಚ್ಚಿಗೆ ಕೊರೆದಿಟ್ಟಿದ್ದರಿಂದ, ಒಡಲು ತಿರುಗಿಸಿದಲ್ಲೇ ನಿಲ್ಲುವಂತೆ ಹೊಂದಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.