ಹಾವಿನ ಮರಿ ಮಾಡಿಸುವ ಆಸೆ ಇರುವವರಿಗೆ

ಚಿಕ್ಕಂದಿನಿಂದ ಹಾವಿನ ಹುಚ್ಚು ಇರುವವರು ನಮ್ಮ ಕಾಸರಗೋಡಿನಲ್ಲಿ ಸುಮಾರು ಜನ ಇದ್ದೀರಿ, ಅಲ್ವಾ? ಅಡಿಕೆ ತೋಟದ ಕೇರೆ, ಹೆಬ್ಬಾವು ಹಿಡಿದು ಸಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು ಸಾಕಬಹುದು. ದಾಖಲೆ ಇರುವುದನ್ನೇ ತನ್ನಿ, ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು.

ಮೊಟ್ಟೆ ಇಟ್ಟ ಮೇಲೆ ಕೈ ಸುಮ್ನೆ ಇರಲಿ. ಕೋಳಿ ಮೊಟ್ಟೆಯ ಹಾಗೆ ತಿರುಗಿಸಿದರೆ ಒಳಗಿನ ಮರಿ ಸಾಯಬಹುದು. ನಾನು ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತೇನೆ, ಅದು ಮೇಲೆಯೇ ಇರಬೇಕು. ಸುಮಾರು 31-32 ಡಿಗ್ರಿ ಶಾಖ, ಎರಡು ತಿಂಗಳು. ನಮ್ಮ ಮಳೆಗಾಲದಲ್ಲಿ ತೇವ ಜಾಸ್ತಿ, ಮೊಟ್ಟೆ ಇಟ್ಟಿರುವ ಡಬ್ಬದ ಮುಚ್ಚಳದ ಹನಿ ಮೊಟ್ಟೆಗೆ ಬೀಳದಂತೆ ಒರೆಸಿ.

ಚಿಪ್ಪು ಸೀಳಿದ ಮರಿ ಮೂಗಷ್ಟೇ ಹೊರಗಿಟ್ಟು ಒಂದು ದಿನ ಹಾಗೇ ಕೂರುತ್ತದೆ. ದಯವಿಟ್ಟು ಎಳೆಯಬೇಡಿ. ಅದು ಇನ್ನೂ ಮೊಟ್ಟೆಯ ಹಳದಿ ಭಾಗವನ್ನು ಹೀರಿಕೊಳ್ಳುತ್ತಿರುತ್ತದೆ.