ಜಗಲಿ ಮೇಲೆ ಕೂತು ಹಿಪ್ಪಲಿಗೆ ಮೆಣಸು ಕಟ್ಟಿದ್ದು

ಹೋದ ವರ್ಷ ಹಿಪ್ಪಲಿ ಗಿಡದ ಮೇಲೆ ಕರಿಮೆಣಸಿನ ರೆಂಬೆ ಸೇರಿಸಿ ಕಟ್ಟಿದ 320 ಕಸಿಯಲ್ಲಿ 240 ಚಿಗುರಿದವು. ಲೆಕ್ಕದ ಪುಸ್ತಕವನ್ನು ಅಮ್ಮ ಎಲ್ಲಿಟ್ಟಳೋ ಗೊತ್ತಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ, ಐದು ಹತ್ತು ಹೆಚ್ಚು ಕಮ್ಮಿ ಇರಬಹುದು. "ಗಾಲಿಕುರ್ಚಿ ಮೇಲೆ ಕೂತು ನರ್ಸರಿ ಮಾಡ್ತಾನಂತೆ" ಅಂತ ನಕ್ಕವರಲ್ಲಿ ಮೂವರು ಈಗ ನನ್ನ ಹತ್ತಿರವೇ ಗಿಡ ಒಯ್ದಿದ್ದಾರೆ. ಒಬ್ಬರು ಇನ್ನೂ ದುಡ್ಡು ಕೊಟ್ಟಿಲ್ಲ, ಅದು ಬೇರೆ ವಿಷಯ.

ನಾನು ತೀರ್ಥಹಳ್ಳಿ ಕಡೆಯವನು, ಕೊನೆಗಾರನಾಗಿದ್ದೆ. ಹನ್ನೆರಡು ವರ್ಷ ಅಡಿಕೆ ಮರ ಹತ್ತಿದವನು ಒಂದು ಆಷಾಢದಲ್ಲಿ ಮರಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಜಾರಿದೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅಂಗವಿಕಲರ ಕಾರ್ಡಿನಲ್ಲಿ ಶೇ. 80 ಅಂತಿದೆ, ಹಾಗಾಗಿ ತಿಂಗಳಿಗೆ 1,400 ರೂಪಾಯಿ ಪಿಂಚಣಿ. ಶೇ. 40ರಿಂದ 75ರೊಳಗೆ ಇರುವವರಿಗೆ 800. ಅಮ್ಮನಿಗೆ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯಲ್ಲಿ 1,200 ಬರುತ್ತದೆ. ಅಕ್ಕಿ ಸೊಸೈಟಿಯಲ್ಲಿ ಸಿಗುತ್ತದೆ, ಉಳಿದದ್ದೆಲ್ಲ ಇದರಲ್ಲೇ. ನನ್ನ ಕ್ಯಾತಿಟರ್, ಮಾತ್ರೆ, ಹತ್ತಿ ಅಂತಲೇ ಎಂಟುನೂರು ಹೋಗುತ್ತದೆ.

ಕಸಿ ಕಟ್ಟುವ ಹುಚ್ಚು ಮೊದಲಿಂದಲೂ ಇತ್ತು. ಮರ ಹತ್ತುವ ಕಾಲದಲ್ಲಿ ಯಾರದೋ ತೋಟದಲ್ಲಿ ಒಳ್ಳೆ ಅಪ್ಪೆಮಿಡಿ ಮಾವು ಕಂಡರೆ ಒಂದು ಕಡ್ಡಿ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದೆ. ಬಿದ್ದ ಮೇಲೆ ಎರಡು ವರ್ಷ ಏನೂ ಮಾಡಲಿಲ್ಲ, ಮನೆಯ ಮಾಡು ನೋಡುತ್ತಾ ಮಲಗಿದ್ದೆ. ಆಮೇಲೆ ಬೇಜಾರಿಗೆ ಅಂತ ಶುರುವಾಗಿದ್ದು ಈ ಹಿಪ್ಪಲಿ ಕೆಲಸ.

ಸೊರಗು ರೋಗ ಬಂದು ಮೆಣಸಿನ ಬಳ್ಳಿ ಸಾಲುಸಾಲಾಗಿ ಒಣಗುವುದನ್ನು ನಮ್ಮ ಕಡೆ ನೋಡದವರಿಲ್ಲ. ಬ್ರೆಜಿಲ್ ಹಿಪ್ಪಲಿ ಬೇರು ಅದನ್ನು ತಡೆಯುತ್ತದೆ, ನೀರು ನಿಂತರೂ ಅದಕ್ಕೆ ಖುಷಿ. ಅದರ ಮೇಲೆ ಪಣಿಯೂರು ತಳಿ ಮೆಣಸಿನ ಹಬ್ಬುವ ಬಳ್ಳಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕಟ್ಟಿದ್ದು ಗೆರೆ, ಅಂದರೆ ಮೆಣಸಿನ ಗೊಂಚಲು, ಬಿಡುವ ಅಡ್ಡ ರೆಂಬೆ. ಅದು ಹಬ್ಬುವುದಿಲ್ಲ, ಕುಂಡದಲ್ಲೇ ಪೊದೆಯಾಗಿ ಕಾಯಿ ಬಿಡುತ್ತದೆ. ಕೊಯ್ಯಲು ಏಣಿ ಬೇಡ. ನನಗೆ ಹಿಡಿಸಿದ್ದೇ ಈ ಏಣಿ ಬೇಡ ಅನ್ನೋದು.

ನಮ್ಮೂರ ಭಟ್ಟರು ಕಸಿಯಲ್ಲಿ ಪಳಗಿದವರು. ಅವರೇ ಹೇಳಿದ್ದರು: "ಎಂಥಕ್ಕೆ ಮಾರಾಯ, ಅಡ್ಡ ರೆಂಬೆ ಬೇರೂ ಬಿಡುದಿಲ್ಲ, ಕಚ್ಚುದೂ ಇಲ್ಲ. ಸುಮ್ನೆ ಕೂತ್ಕೊ." ಕೂತೇ ಇದ್ದೀನಲ್ಲ ಭಟ್ರೇ, ಕೂತಲ್ಲೇ ಮಾಡ್ತೀನಿ ಅಂದೆ.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಅಮ್ಮನ ಸ್ವಸಹಾಯ ಸಂಘದಿಂದ ಆರು ಸಾವಿರ ಸಾಲ ತೆಗೆದೆ. ಒಂದು ನರ್ಸರಿಯಿಂದ ಹಿಪ್ಪಲಿ ಗಿಡ 150 ತರಿಸಿದೆ, ಒಂದಕ್ಕೆ 15 ರೂಪಾಯಿ. ಪೆಟ್ಟಿಗೆ ಬಿಚ್ಚಿದರೆ ಅರ್ಧಕ್ಕರ್ಧ ಕೊಳೆತು ವಾಸನೆ. ಉಳಿದದ್ದಕ್ಕೆ ಜುಲೈ ತಿಂಗಳ ಜಡಿಮಳೆಯಲ್ಲಿ ಕೂತು ಕಸಿ ಕಟ್ಟಿದೆ. ತೇವ ಜಾಸ್ತಿ ಇದ್ದರೆ ಒಳ್ಳೇದು ಅಂತ ನನ್ನ ಬುದ್ಧಿ ಹೇಳಿತ್ತು. ನಮ್ಮ ಮಳೆ ನಿಮಗೆ ಗೊತ್ತಲ್ಲ, ಆಗುಂಬೆ ಕಡೆಯಿಂದ ಗಾಳಿ ತಿರುಗಿದರೆ ಜಗಲಿಯ ಒಳಗೂ ಎರಚಲು. ಕಸಿಗೆ ಮುಚ್ಚಿದ ಪ್ಲಾಸ್ಟಿಕ್ ಕವರಿನ ಒಳಗೆ ನೀರು ನಿಂತು ಬಿಳಿ ಬೂಷ್ಟು ಬಂತು. ಬದುಕಿದ್ದು 11. ವಾರ ವಾರ ಸಂಘದ ಕಂತು ಕಟ್ಟುವಾಗ ಅಮ್ಮ ಏನೂ ಅನ್ನುತ್ತಿರಲಿಲ್ಲ, ಅದೇ ಜಾಸ್ತಿ ಕಷ್ಟ.

ಎರಡನೇ ವರ್ಷದಿಂದ ಹಿಪ್ಪಲಿ ಕೊಳ್ಳುವುದನ್ನೇ ಬಿಟ್ಟೆ. ಬದುಕಿದ ಗಿಡದಿಂದಲೇ ಎರಡು ಗೆಣ್ಣಿನ ಕಡ್ಡಿ ಕತ್ತರಿಸಿ ಬಚ್ಚಲ ನೀರು ಹೋಗುವ ಚರಂಡಿ ಪಕ್ಕ ಊರಿಸಿದೆ, ಒಂದೂ ತಪ್ಪದೆ ಬೇರು ಬಿಟ್ಟವು. ಕಸಿ ಕಟ್ಟುವುದನ್ನು ಗಣಪತಿ ಹಬ್ಬ ಕಳೆದ ಮೇಲಕ್ಕೆ ಹಾಕಿದೆ, ಮಳೆ ಬಿಟ್ಟು ಬಿಟ್ಟು ಬರುವ ಹೊತ್ತು. ಆದರೂ ನೂರಕ್ಕೆ ನಲವತ್ತು ದಾಟಲಿಲ್ಲ. ಆಮೇಲೆ ಗೊತ್ತಾಯಿತು, ಹಿಪ್ಪಲಿ ದಪ್ಪ ಆಗಿಬಿಟ್ಟಿತ್ತು, ರೆಂಬೆ ಸಣ್ಣದಿತ್ತು, ಸಿಪ್ಪೆಗೆ ಸಿಪ್ಪೆ ಕೂರುತ್ತಿರಲಿಲ್ಲ. ಪೆನ್ಸಿಲಿನಷ್ಟು ದಪ್ಪ ಸಾಕು. ಇನ್ನೊಂದು ತಪ್ಪು, ಕೆಳಗೆ ಹಿಪ್ಪಲಿಯದೇ ಚಿಗುರು ಬಂದಾಗ ಪಾಪ ಅಂತ ಬಿಟ್ಟಿದ್ದೆ. ಅದು ರಸವನ್ನೆಲ್ಲ ತಾನೇ ಎಳೆದುಕೊಂಡು ಮೇಲಿನ ಮೆಣಸನ್ನು ಸಾಯಿಸಿತು. ಈಗ ಎರಡು ದಿನಕ್ಕೊಮ್ಮೆ ಉಗುರಲ್ಲಿ ಚಿವುಟುತ್ತೇನೆ.

ನಾನು ಕಟ್ಟುವ ಕ್ರಮ ಹೀಗೆ. ಶೇವಿಂಗ್ ಬ್ಲೇಡ್ ಅರ್ಧ ಮುರಿದದ್ದು, ಒಂದಕ್ಕೆ ಹತ್ತು ಗಿಡ, ಆಮೇಲೆ ಎಸೆಯುವುದು. ಹಿಪ್ಪಲಿಯನ್ನು ಮೊಣಕೈಯಷ್ಟು ಎತ್ತರದಲ್ಲಿ ಕತ್ತರಿಸಿ ನಡುವೆ ಒಂದು ಇಂಚು ಸೀಳಬೇಕು. ಮೂರು ಗೆಣ್ಣಿನ ಅಡ್ಡ ರೆಂಬೆಯ ಬುಡವನ್ನು ಎರಡೂ ಕಡೆ ಬೆಣೆ ಹಾಗೆ ಸವರಬೇಕು. ಒಂದೊಂದೇ ಎಳೆತ, ಎರಡನೇ ಸಲ ಬ್ಲೇಡ್ ಆಡಿಸಿದರೆ ಮೇಲ್ಮೈ ತರಿತರಿ ಆಗುತ್ತದೆ. ಸೀಳಿನೊಳಗೆ ಇಳಿಸಿ, ಒಂದು ಕಡೆಯಾದರೂ ಸಿಪ್ಪೆ ಸರಿಯಾಗಿ ಕೂತಿದೆಯಾ ಅಂತ ಹೆಬ್ಬೆರಳಲ್ಲಿ ಸವರಿ ನೋಡುತ್ತೇನೆ. ಬೆರಳಿಗೆ ಮೆಟ್ಟಿಲು ಸಿಕ್ಕಿದರೆ ಬಿಚ್ಚಿ ಮತ್ತೆ. ತೆಳು ಪ್ಲಾಸ್ಟಿಕ್ ಕೊಟ್ಟೆಯ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಸುತ್ತಿ, ಐಸ್ ಕ್ಯಾಂಡಿ ತುಂಬುವ ಉದ್ದ ಕವರನ್ನು ಟೊಪ್ಪಿಗೆ ಹಾಗೆ ಹಾಕುತ್ತೇನೆ. ಮೂರು ನಾಲ್ಕು ವಾರಕ್ಕೆ ಚಿಗುರು ಕವರಿಗೆ ತಾಗುತ್ತದೆ. ಆಗ ಸಂಜೆ ಹೊತ್ತು ತುದಿ ಹರಿಯಬೇಕು, ಒಂದೇ ಸಲ ಪೂರ್ತಿ ತೆಗೆಯಬಾರದು.

ರೆಂಬೆ ತಂದ ಮೇಲೆ ಕಟ್ಟುವ ಮೊದಲು ಎರಡು ರಾತ್ರಿ ಅದನ್ನು ಏನು ಮಾಡುತ್ತೇನೆ ಅನ್ನೋದನ್ನು ಹೇಳುವುದಿಲ್ಲ. ನಲವತ್ತು ಎಪ್ಪತ್ತೈದಕ್ಕೆ ಏರಿದ್ದು ಅದರಿಂದಲೇ. ತಾಯಿ ಬಳ್ಳಿ ಯಾವ ಗೌಡರ ತೋಟದ್ದು ಅಂತಲೂ ಕೇಳಬೇಡಿ.

ನನ್ನಂಥವರಿಗೆ ಮಾತ್ರ ಒಂದು ಮಾತು. ಎರಡನೇ ವರ್ಷ ಹುಮ್ಮಸ್ಸಿನಲ್ಲಿ ಬೆಳಿಗ್ಗೆ ಕೂತವನು ಮಧ್ಯಾಹ್ನದವರೆಗೆ ಅಲ್ಲಾಡಲಿಲ್ಲ, ಹೀಗೇ ವಾರ ಪೂರ್ತಿ. ನೋವು ಗೊತ್ತಾಗುವುದಿಲ್ಲವಲ್ಲ. ಅಮ್ಮ ಬಟ್ಟೆ ಒಗೆಯುವಾಗ ರಕ್ತ ನೋಡಿದಳು. ಕೂತಲ್ಲೇ ಕೂತು ಆದ ಆ ಹುಣ್ಣು ಮಾಗಲು ಎರಡು ತಿಂಗಳು ಮಗುಚಿ ಮಲಗಿದೆ, ಔಷಧಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು, ಗಿಡದಲ್ಲಿ ಬಂದದ್ದೆಲ್ಲ ಅಲ್ಲಿಗೇ ಸರಿಹೋಯಿತು. ಈಗ ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಾಂ. ಹೊಡೆದಾಗೆಲ್ಲ ಕುರ್ಚಿಯ ಕೈ ಹಿಡಿದು ಮೈ ಎತ್ತಿ ಇಳಿಸುತ್ತೇನೆ. ಮರ ಹತ್ತಿದ ತೋಳು, ಇನ್ನೂ ಗಟ್ಟಿ ಇದೆ.

ಈಗ ದುಡ್ಡು. 240ರಲ್ಲಿ ಕೊಟ್ಟದ್ದು 210ರಷ್ಟು, ಒಂದಕ್ಕೆ 120 ರೂಪಾಯಿ, ಒಟ್ಟು 25 ಸಾವಿರ ಚಿಲ್ಲರೆ. ಪ್ಲಾಸ್ಟಿಕ್ ಕೊಟ್ಟೆ, ಗೊಬ್ಬರ, ಆಟೋ ಅಂತ ಏಳು ಸಾವಿರ ಕಳೆಯಿರಿ. ತಿಂಗಳಿಗೆ ಹಂಚಿದರೆ 1,500. ಪಿಂಚಣಿಗಿಂತ ನೂರು ರೂಪಾಯಿ ಜಾಸ್ತಿ! ದೊಡ್ಡ ಮೊತ್ತ ಅಲ್ಲ, ಆದರೆ ನಾನೇ ದುಡಿದದ್ದು ಅನ್ನಲು ಸಾಕು. ಅರ್ಧದಷ್ಟು ಗಿಡ ಎಳ್ಳಮಾವಾಸ್ಯೆ ಜಾತ್ರೆ ಸುತ್ತಮುತ್ತಲಿನ ಹದಿನೈದು ದಿನದಲ್ಲೇ ಹೋಗಿದ್ದು. ಅಷ್ಟರಲ್ಲಿ ಒಂದೆರಡು ಗೆರೆ ಕಾಣಿಸಿಕೊಂಡ ಗಿಡವನ್ನು ಮುಂದೆ ಇಡಬೇಕು. ಕಾಯಿ ಕಂಡರೆ ಜನ ಚೌಕಾಸಿ ಮಾಡುವುದಿಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಇಪ್ಪತ್ತು ಗಿಡ ಕಳಿಸಿದೆ ಒಮ್ಮೆ, ಎಲ್ಲಾ ಮಗುಚಿ ಕಸಿಯಲ್ಲೇ ಮುರಿದು ಹೋಗಿತ್ತು. ಅವತ್ತಿಂದ ಬೇಕಾದವರು ಮನೆಗೇ ಬರಲಿ. ಬಂದವರಿಗೆಲ್ಲ ಹೇಳುತ್ತೇನೆ, ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಇದು ಜೋತು ಬೀಳುತ್ತದೆ, ಆಮೇಲೆ ನನ್ನನ್ನು ಬಯ್ಯಬೇಡಿ ಅಂತ.

"ದುಡಿಯೋಕೆ ಶುರು ಮಾಡಿದರೆ ಪಿಂಚಣಿ ಕಟ್" ಅಂತ ಹೆದರಿಸಿದವರು ಬಹಳ. ನಾನು ನೇರ ನಾಡಕಚೇರಿಗೇ ಹೋಗಿ ಕೇಳಿದೆ. ಲೆಕ್ಕಕ್ಕೆ ಬರುವುದು ಮನೆಯ ವರ್ಷದ ಆದಾಯ, ಮಿತಿ 32,000. ಅಮ್ಮನಿಗೆ ಈಗ ಕೂಲಿಗೆ ಹೋಗಲು ಆಗುವುದಿಲ್ಲ, ಜಮೀನಿಲ್ಲ. ಹಾಗಾಗಿ ಪ್ರತಿ ಗಿಡ ಪುಸ್ತಕದಲ್ಲಿ ಬರೆಯುತ್ತೇನೆ, ಗ್ರಾಮ ಲೆಕ್ಕಿಗರು ಬಂದಾಗ ಅದನ್ನೇ ತೋರಿಸಿದೆ. ಬಚ್ಚಿಟ್ಟರೆ ಯಾರೋ ದೂರು ಗೀಚಿಯಾರು, ಆಮೇಲೆ ಓಡಾಡುವುದು ನನ್ನಿಂದಾಗದು, ಓಡುವುದಂತೂ ಆಗದು. ಇನ್ನೊಂದು ವರ್ಷ ಬೇರೆ ತಾಪತ್ರಯ ಆಗಿತ್ತು. ಆಧಾರ್ ಜೋಡಣೆ ತಪ್ಪಿ ಬ್ಯಾಂಕಿನಲ್ಲಿ ನಾಲ್ಕು ತಿಂಗಳು ದುಡ್ಡು ಬರಲಿಲ್ಲ. ಆ ನಾಲ್ಕು ತಿಂಗಳು ನಡೆದದ್ದು ಈ ಗಿಡದಿಂದ.

ಕೊಪ್ಪದ ಕಡೆಯ ಎಸ್ಟೇಟಿನವರು ಒಬ್ಬರು ಒಂದೇ ಸಲ 500 ಗಿಡ ಕೇಳಿದರು. ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಲೆಕ್ಕ ಹಾಕಿದರೆ 32,000 ದಾಟುತ್ತದೆ. ಒಂದು ವರ್ಷ ಅರವತ್ತು ಸಾವಿರ ಬಂದು, ಪಿಂಚಣಿ ಹೋಗಿ, ಮರುವರ್ಷ ಹುಣ್ಣಾಗಿ ಮಲಗಿದರೆ? ಬೇಡ ಅಂದೆ. ಪಕ್ಕದ ಹಳ್ಳಿಯಲ್ಲಿ ಪೋಲಿಯೋ ಆದ ಹುಡುಗನೊಬ್ಬನಿಗೆ ಕಲಿಸುತ್ತಿದ್ದೇನೆ, ಅವನ ಕೈ ನನಗಿಂತ ಚುರುಕು. ಆ ಎರಡು ರಾತ್ರಿಯ ಗುಟ್ಟು ಮಾತ್ರ ಅವನಿಗೂ ಇನ್ನೂ ಹೇಳಿಲ್ಲ.

ನಡುವೆ ಬೇರೆ ಆಟಗಳೂ ಆದವು. ಹಿಪ್ಪಲಿ ಮೇಲೆ ವೀಳ್ಯದೆಲೆ ಕಟ್ಟಿದೆ, ಎಲ್ಲಾ ಒಂದೇ ಜಾತಿ ಅಲ್ವಾ ಅಂತ. ಚಿಗುರಿತು, ಎರಡು ತಿಂಗಳು ಎಲೆ ಬಿಟ್ಟು ಅಮ್ಮನ ಕವಳಕ್ಕೂ ಆಯಿತು, ಆಮೇಲೆ ಕಸಿಯ ಜಾಗದಲ್ಲಿ ಕಪ್ಪಾಗಿ ಉದುರಿತು. ಕೊಟ್ಟೆ ಖರ್ಚು ಉಳಿಸಲು ಅಡಿಕೆ ಹಾಳೆಯನ್ನು ಹೊಲಿದು ಕುಂಡ ಮಾಡಿದೆ. ನೋಡಲು ಚಂದ, ಆದರೆ ಒಂದು ತಿಂಗಳಿಗೆ ಗೆದ್ದಲು. ಚುಚ್ಚದ ಸಣ್ಣ ಮಿಸ್ರಿ ಜೇನು ಬಿದಿರಿನಲ್ಲಿ ಕೂರಿಸಿದ್ದೇನೆ, ಇನ್ನೂ ಒಂದು ಹನಿ ತೆಗೆದಿಲ್ಲ.

ಈ ಸಲ ಹಿಪ್ಪಲಿ ಕಡ್ಡಿ 400 ಊರಿಸಿದ್ದೇವೆ, ಅದಕ್ಕಿಂತ ಜಾಸ್ತಿ ಬೇಡ ಅಂತ ಮೊದಲೇ ತೀರ್ಮಾನ. ಮೊನ್ನೆ ಮಂಗಗಳ ಹಿಂಡು ಬಂದು ಒಂದು ಸಾಲು ಪೂರ್ತಿ ಕಿತ್ತು ಹಾಕಿದೆ, ತಿನ್ನಲೂ ಇಲ್ಲ. ಅಮ್ಮ ಕೋಲು ಹಿಡಿದು ಓಡಿಸಿದಳು, ನಾನು ಜಗಲಿಯಿಂದ ಡಬ್ಬ ಬಡಿದೆ. ಕಿತ್ತದ್ದನ್ನು ಮತ್ತೆ ಊರಿಸಿದ್ದೇವೆ, ಅರ್ಧ ಬದುಕಬಹುದು.