ಮನೆ ಮಾರಿದೆವು, ಕಾರವಾರ ಬಿಡಲಿಲ್ಲ: ನಿವೃತ್ತಿಯ ಹೊಸ್ತಿಲಲ್ಲಿ ನಾವು ಮಾಡಿದ ಲೆಕ್ಕಾಚಾರ

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು 2025ರ ಜೂನ್ ಕೊನೆಯಲ್ಲಿ ನಿವೃತ್ತನಾದೆ. ಅದಕ್ಕೆ ಸುಮಾರು ಎರಡು ವರ್ಷ ಮೊದಲೇ ಕಾರವಾರದ ನಮ್ಮ ಮನೆಯನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ವಿಚಾರವನ್ನು ನಾನೂ ನನ್ನ ಹೆಂಡತಿಯೂ ಕೈಗೆತ್ತಿಕೊಂಡಿದ್ದೆವು. ಯಾರ ಹತ್ತಿರ ಮಾತೆತ್ತಿದರೂ, ಮನೆ ಮಾರಿ ಬೆಂಗಳೂರಿಗೆ ಮಗಳ ಹತ್ತಿರ ಹೋಗುತ್ತೀರೋ ಅಥವಾ ಮನೆ ಇಟ್ಟುಕೊಂಡು ಇಲ್ಲೇ ಇರುತ್ತೀರೋ ಎಂದೇ ಕೇಳುತ್ತಿದ್ದರು. ಮೊದಮೊದಲು ನಾವೂ ಹಾಗೆಯೇ ಯೋಚಿಸಿದೆವು. ಊರು ಬಿಡುವ ಪ್ರಶ್ನೆಯನ್ನೂ ಮನೆ ಬಿಡುವ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಬರೆದುಕೊಂಡು, ಒಂದಕ್ಕೆ ಉತ್ತರ ಸಿಕ್ಕ ಮೇಲೆ ಇನ್ನೊಂದಕ್ಕೆ ಕೈಹಾಕಿದಾಗಲೇ ವಿಷಯ ಹದಕ್ಕೆ ಬಂತು. ಇದೇ ಹಂತದಲ್ಲಿರುವವರಿಗೆ ನಮ್ಮ ಲೆಕ್ಕ ಉಪಯೋಗಕ್ಕೆ ಬಂದೀತೆಂದು ಅಂಕಿ ಅಂಶಗಳ ಸಮೇತ ಬರೆಯುತ್ತಿದ್ದೇನೆ.

ನಮ್ಮದು ಮೂರು ಗುಂಟೆ ಜಾಗದಲ್ಲಿ 2003-04ರಲ್ಲಿ ಕಟ್ಟಿಸಿದ, ಚಿರೇಕಲ್ಲಿನ ಗೋಡೆಯ, ಆರ್‌ಸಿಸಿ ಸ್ಲ್ಯಾಬಿನ ಮನೆ. 2011-12ರಲ್ಲಿ ಮೇಲೊಂದು ಮಹಡಿ ಎತ್ತಿಸಿದ್ದೆವು. ನಾಲ್ಕು ಮಲಗುವ ಕೋಣೆ, ಮುಂದೆ ಜಗುಲಿ, ಹಿತ್ತಿಲಲ್ಲಿ ಬಾವಿ, ಮೂರು ತೆಂಗಿನಮರ. ಮಗಳು ಓದಿ ಬೆಂಗಳೂರು ಸೇರಿದ ಮೇಲೆ ಇಬ್ಬರಿಗೆ ಅಷ್ಟು ಮನೆ ಬೇಕೇ ಎಂಬುದನ್ನು ಬಾಯಿಮಾತಿನಲ್ಲಿ ಚರ್ಚಿಸುವ ಬದಲು ಪರೀಕ್ಷಿಸಿ ನೋಡೋಣವೆಂದು 2023ರ ಮಳೆಗಾಲ ಪೂರ್ತಿ ಮೇಲಿನ ಮಹಡಿಗೆ ಬೀಗ ಹಾಕಿ ಕೆಳಗೇ ಇದ್ದೆವು. ಮೇಲಿನ ಕೋಣೆಗಳ ಕೊರತೆ ನಮಗೆ ಒಂದು ದಿನವೂ ಕಾಡಲಿಲ್ಲ. ಆದರೆ ಮಹಡಿಯ ಕೆಲಸ ಮಾತ್ರ ತಪ್ಪಲಿಲ್ಲ: ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿದರೆ ಹೋಗಿ ತೆಗೆಯಬೇಕು, ಮುಚ್ಚಿದ ಕೋಣೆಗಳ ಗೋಡೆಗೆ ಬೂಷ್ಟು ಹಿಡಿಯದಂತೆ ಬಿಸಿಲು ಬಂದ ದಿನ ಕಿಟಕಿ ತೆರೆಯಬೇಕು. ಹೆಂಡತಿಯ ಮೊಣಕಾಲಿಗೆ ಆ ಮೆಟ್ಟಿಲು ಆಗಲೇ ಕಷ್ಟವಾಗುತ್ತಿತ್ತು. ಅರವತ್ತರಲ್ಲಿ ಆಗುವ ಕೆಲಸ ಎಪ್ಪತ್ತೈದರಲ್ಲಿ ಆಗುತ್ತದೆಯೇ ಎಂದು ಪ್ರತಿಯೊಂದಕ್ಕೂ ಕೇಳಿಕೊಂಡು, ಆಗದಿರುವುದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆಯುತ್ತ ಹೋದೆವು. ಅಂಗಳದ ಪಾಚಿ ತಿಕ್ಕುವುದು, ತೆಂಗಿನಕಾಯಿ ಕೀಳಿಸಲು ಆಳು ಹುಡುಕುವುದು, ಬಾವಿ ಚೊಕ್ಕ ಮಾಡಿಸುವುದು, ಹೀಗೆ ಆ ಪಟ್ಟಿ ಬೆಳೆಯಿತು.

ಆ ಪಟ್ಟಿಗಿಂತಲೂ ದೊಡ್ಡ ವಿಷಯ ಸ್ಲ್ಯಾಬಿನದು. ಸಮುದ್ರದ ದಂಡೆಯಲ್ಲಿ ಮನೆ ಇರುವವರು ಇದನ್ನು ಗಮನಿಸಲೇಬೇಕು. ನಮ್ಮ ಮೇಲಿನ ಬಾಲ್ಕನಿಯ ಅಡಿಭಾಗದಲ್ಲಿ, ಒಳಗಿನ ಕಬ್ಬಿಣದ ಸಳಿ ಹಾದುಹೋದ ಗೆರೆಯಲ್ಲೇ, ಒಂದು ಕಂದು ಬಣ್ಣದ ಪಟ್ಟೆ ಮೂಡಿತ್ತು. ಪರಿಚಯದ ಇಂಜಿನಿಯರೊಬ್ಬರು ಬಂದು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅಲ್ಲಿ ತಟ್ಟಿದರು. ಗಟ್ಟಿ ಜಾಗದಲ್ಲಿ ಖಣ್ ಎನ್ನುವ ಸದ್ದು ಆ ಪಟ್ಟೆಯ ಬಳಿ ಟೊಳ್ಳಾಯಿತು. ಮೊನೆ ಒತ್ತಿದ ಕೂಡಲೇ ಅಂಗೈ ಅಗಲದ ಚಕ್ಕೆ ಕಳಚಿ ಬಿತ್ತು. ಒಳಗಿನ ಸಳಿ ಪದರ ಪದರವಾಗಿ ಉಬ್ಬಿ, ಉಗುರಿನಿಂದ ಕೆರೆದರೆ ಪುಡಿ ಉದುರುವಂತಿತ್ತು. ಉಪ್ಪು ಗಾಳಿಯ ಕ್ಲೋರೈಡು ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಇಳಿದು ಕಬ್ಬಿಣವನ್ನು ಮುಟ್ಟಿದ ಮೇಲೆ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ, ಆ ಬಿರುಕಿನಿಂದ ಮಳೆನೀರು ಇಳಿದು ತುಕ್ಕು ಮತ್ತಷ್ಟು ಬೇಗ ಹಬ್ಬುತ್ತದೆ. ಮೇಲೆ ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಇದು ನಿಲ್ಲುವುದಿಲ್ಲ; ಸಡಿಲ ಕಾಂಕ್ರೀಟನ್ನೆಲ್ಲ ಕೆತ್ತಿ, ಸಳಿಯನ್ನು ಉಜ್ಜಿ, ಸವೆದದ್ದಕ್ಕೆ ಹೊಸದು ಕೂಡಿಸಿ ಮತ್ತೆ ಕಟ್ಟಬೇಕು. ಬಾಲ್ಕನಿ, ಸಜ್ಜಾಗಳು, ತಾರಸಿ ಎಲ್ಲ ಸೇರಿ ಆರೇಳು ಲಕ್ಷ ಬೇಕೆಂದು ಅವರು ಅಂದಾಜು ಕೊಟ್ಟರು, ಹತ್ತು ಹದಿನೈದು ವರ್ಷದಲ್ಲಿ ಮತ್ತೊಮ್ಮೆ ಬೇಕಾಗಬಹುದೆಂದೂ ಹೇಳಿದರು. ನಿವೃತ್ತಿಯ ಹೊತ್ತಿಗೆ ಇಪ್ಪತ್ತು ವರ್ಷ ದಾಟಿರುವ ಮನೆಯಿದ್ದರೆ, ಬೇರೆ ಯಾವ ಲೆಕ್ಕಕ್ಕಿಂತ ಮೊದಲು ಇಂಥ ಒಂದು ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯವೆಂದು ನನ್ನ ಅಭಿಪ್ರಾಯ.

ಇಟ್ಟುಕೊಂಡು ಬಾಡಿಗೆಗೆ ಕೊಡುವ ದಾರಿಯನ್ನೂ ನೋಡಿದೆವು. ಇಡೀ ಮನೆಗೆ ತಿಂಗಳಿಗೆ 16,000 ರೂಪಾಯಿ ಬರಬಹುದಿತ್ತು, ವರ್ಷಕ್ಕೆ 1.92 ಲಕ್ಷ. ಮನೆಗೆ ಬರಬಹುದಾದ ಬೆಲೆ 85 ಲಕ್ಷ ಎಂದು ಹಿಡಿದರೆ ಇದು ಶೇ. 2.3ರ ಆಸುಪಾಸು, ಅದರಲ್ಲೇ ರಿಪೇರಿ ಮತ್ತು ಮನೆ ತೆರಿಗೆ ಹೋಗಬೇಕು. ಮೆಟ್ಟಿಲು ನಡುಮನೆಯ ಒಳಗಿನಿಂದ ಇದ್ದುದರಿಂದ ಮಹಡಿಯನ್ನು ಮಾತ್ರ ಬೇರೆಯವರಿಗೆ ಕೊಡುವಂತಿರಲಿಲ್ಲ. ದೇಶದಲ್ಲಿ 2007ರಿಂದ ಇರುವ ರಿವರ್ಸ್ ಮಾರ್ಟ್‌ಗೇಜ್ ವ್ಯವಸ್ಥೆಯಲ್ಲಿ ಅರವತ್ತು ದಾಟಿದವರು ಸ್ವಂತ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ಅಲ್ಲೇ ವಾಸವಿದ್ದುಕೊಂಡು ಕಂತಿನಲ್ಲಿ ಹಣ ಪಡೆಯಬಹುದು. ಬದುಕಿರುವವರೆಗೆ ಮರುಪಾವತಿಯ ಗೋಜಿಲ್ಲ. ಬೇರೆ ಆದಾಯವಿಲ್ಲದವರಿಗೆ ಅದು ಒಳ್ಳೆಯದೇ. ನಮ್ಮ ಕಷ್ಟ ಹಣದ್ದಲ್ಲ, ಮನೆಯ ಗಾತ್ರದ್ದು ಮತ್ತು ಮೆಟ್ಟಿಲಿನದು ಆಗಿದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆವು.

ಇನ್ನು ಊರಿನ ಪ್ರಶ್ನೆ. ಶಿರಸಿ ಕಡೆಯ ಮೂಲಮನೆಯಲ್ಲಿ ಅಣ್ಣ ಇದ್ದಾನೆ. “ತಮಾ, ನಿಂಗ ಯಾವಾಗ ಬಂದ್ರೂ ಅಡ್ಡಿಲ್ಲೆ” ಎಂದು ಅವನು ಮನಸಾರೆ ಹೇಳಿದ. ಆದರೆ ತೋಟದ ನಡುವಿನ ಒಂಟಿ ಮನೆ, ಡಾಂಬರು ರಸ್ತೆಗೆ ದೂರ. ನಾಲ್ಕು ದಿನ ಇದ್ದು ಬರಲು ಹಿತವಾದ ಜಾಗ ಮುಪ್ಪಿನಲ್ಲಿ ಕಾಯಂ ಇರಲು ಹೊಂದುವುದಿಲ್ಲವೆಂದು ಅವನಿಗೇ ಬಿಡಿಸಿ ಹೇಳಿದೆ. ಬೆಂಗಳೂರಿನ ವಿಷಯವನ್ನು ಮಾತ್ರ ಊಹೆಯಿಂದ ತೀರ್ಮಾನಿಸಲಿಲ್ಲ. 2024ರ ಬೇಸಿಗೆ ರಜೆಯನ್ನು ನೆಂಟರಂತೆ ಕಳೆಯದೆ, ತರಕಾರಿ ತರುವುದು, ಬ್ಯಾಂಕು, ಔಷಧಿ ಎಲ್ಲವನ್ನೂ ನಾವೇ ನೋಡಿಕೊಂಡು ಮಗಳ ಮನೆಯಲ್ಲಿ ಇದ್ದು ಬಂದೆವು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ರಾತ್ರಿಯವರೆಗೆ ಮಾತನಾಡಲು ನಮಗೆ ನಾವೇ ಇಬ್ಬರು. ಇಲ್ಲಿಯಾದರೆ ಭಾನುವಾರದ ಸಂತೆಗೆ ಹೋದರೆ ಸೊಪ್ಪು ಮಾರುವ ಅಂಕೋಲೆಯ ಹೆಂಗಸರಿಂದ ಹಿಡಿದು ನನ್ನ ಹಳೆಯ ವಿದ್ಯಾರ್ಥಿಗಳವರೆಗೆ ಹತ್ತು ಜನ ಮಾತನಾಡಿಸುತ್ತಾರೆ. ಸಂಜೆ ರವೀಂದ್ರನಾಥ ಟ್ಯಾಗೋರ್ ಕಡಲತೀರದವರೆಗೆ ನಡೆದು ಬರಬಹುದು. “ಆಯಿ ಬೆಂಗಳೂರಿನಲ್ಲಿ ಮಂಕಾಗುತ್ತಾಳೆ ಅಪ್ಪಯ್ಯ” ಎಂದು ಮಗಳೇ ಹೇಳಿದಳು.

ಕಾರವಾರದಲ್ಲಿ ಉಳಿಯುವುದಕ್ಕೆ ವಿರುದ್ಧವಾದ ಬಲವಾದ ವಾದ ಆಸ್ಪತ್ರೆಯದು, ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದ್ದರೂ ದೊಡ್ಡ ಕಾಯಿಲೆ ಬಂದರೆ ಜಿಲ್ಲೆಯ ಜನ ಗೋವಾಕ್ಕೋ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಒಂದು ಮಣಿಪಾಲದ ದಾರಿ, ಇನ್ನೊಂದು ಗೋವಾದ ದಾರಿ. ಒಂದೇ ಮಳೆಗಾಲದಲ್ಲಿ ಎರಡೂ ಕಡೆ ಹೀಗಾದುದನ್ನು ಕಂಡು ಹೆಂಡತಿ ಹೆದರಿದಳು, ನನಗೂ ನಿದ್ದೆ ಬರಲಿಲ್ಲ. ಬಹಳ ಮಾತಾಡಿ ನಾವು ಒಂದು ಮಿತಿ ಹಾಕಿಕೊಂಡೆವು: ಈಗ ಇಬ್ಬರಿಗೂ ಇರುವುದು ರಕ್ತದೊತ್ತಡ ಮತ್ತು ಮೊಣಕಾಲು ನೋವು ಮಾತ್ರ, ತಿಂಗಳಿಗೊಮ್ಮೆ ತಜ್ಞರನ್ನು ಕಾಣಬೇಕಾದ ಕಾಯಿಲೆ ಯಾರಿಗಾದರೂ ಬಂದರೆ, ಅಥವಾ ನನಗೆ ಎಪ್ಪತ್ತು ತುಂಬಿದರೆ, ಊರಿನ ಪ್ರಶ್ನೆಯನ್ನು ಮತ್ತೆ ತೆರೆಯುವುದು. ಅದಕ್ಕೇ ಮುಂದೆ ಕೊಳ್ಳುವ ಮನೆ ಬೇಗ ಮಾರಾಟವಾಗುವಂಥದ್ದು ಆಗಿರಬೇಕೆಂಬ ಷರತ್ತೂ ಸೇರಿತು. ಕಾಳಿ ನದಿಯ ದಂಡೆಗೆ ಕಡಿಮೆ ಬೆಲೆಗೆ ಸಿಗುತ್ತಿದ್ದ ಮನೆಯೊಂದನ್ನು, ಕರಾವಳಿ ನಿಯಂತ್ರಣ ವಲಯದ (ನೀರಿನ ದಂಡೆಯ ಕಟ್ಟಡಗಳಿಗೆ ಮಿತಿ ಹಾಕುವ) ನಿರ್ಬಂಧವಿರುವಲ್ಲಿ ಮುಂದೆ ಕೊಳ್ಳುವವರು ಹಿಂಜರಿಯುತ್ತಾರೆಂದು, ಈ ಕಾರಣಕ್ಕೇ ಬಿಟ್ಟೆವು.

ಹೀಗೆ ಊರಿನಲ್ಲಿ ಉಳಿಯುವುದು, ಮನೆ ಬದಲಿಸುವುದು ಎಂದಾಯಿತು. ಪೇಟೆಗೆ ನಡೆದು ಹೋಗುವಷ್ಟು ಹತ್ತಿರ, ಮೆಟ್ಟಿಲಿಲ್ಲದ, ಹಂಚಿನ ಮಾಡಿನ, ಎರಡು ಕೋಣೆಯ ಒಂದು ಮನೆ 48 ಲಕ್ಷಕ್ಕೆ ಸಿಕ್ಕಿತು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಸರ್ಚಾರ್ಜು, ಆಗಿನ ಶೇ. 1ರ ನೋಂದಣಿ ಶುಲ್ಕ ಎಲ್ಲ ಸೇರಿ ಶೇ. 6.6ರಂತೆ ಸುಮಾರು 3.2 ಲಕ್ಷ ಆಯಿತು. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿರುವುದರಿಂದ ಈಗ ಕೊಳ್ಳುವವರು ಅಷ್ಟು ಹೆಚ್ಚು ಹಿಡಿಯಬೇಕು.)

ತೆರಿಗೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2024ರ ಜುಲೈ 23ರಿಂದ ಆಸ್ತಿ ಮಾರಾಟದ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ, ಬೆಲೆಯೇರಿಕೆಯ ಸೂಚ್ಯಂಕದ ರಿಯಾಯಿತಿ (ಹಿಂದೆ ಹಾಕಿದ ಹಣವನ್ನು ಮಾರುವ ವರ್ಷದ ಬೆಲೆಮಟ್ಟಕ್ಕೆ ಏರಿಸಿ, ಮಾರಿದ ಬೆಲೆಯಿಂದ ಕಳೆಯುವ ಸೌಲಭ್ಯ) ಇಲ್ಲ. ಆದರೆ ಆ ದಿನಕ್ಕಿಂತ ಮೊದಲು ಕೊಂಡ ಜಾಗ, ಮನೆಗಳ ಮಟ್ಟಿಗೆ ನಿವಾಸಿ ವ್ಯಕ್ತಿಗಳಿಗೆ ಹಳೆಯ ರೀತಿಯಲ್ಲಿ, ಅಂದರೆ ಸೂಚ್ಯಂಕ ಹಿಡಿದು ಶೇ. 20ರಂತೆ, ಲೆಕ್ಕ ಹಾಕಿ ಯಾವುದು ಕಡಿಮೆಯೋ ಅಷ್ಟೇ ಕಟ್ಟುವ ಅವಕಾಶ ಉಳಿದಿದೆ. ನಾವು ಮಾರಿದ್ದು 2025ರ ಫೆಬ್ರವರಿಯಲ್ಲಿ. ಆ ಹಣಕಾಸು ವರ್ಷದ ಸೂಚ್ಯಂಕ 363. ಜಾಗಕ್ಕೂ ಕೆಳಗಿನ ಮನೆಗೂ 2003-04ರಲ್ಲಿ, ಸೂಚ್ಯಂಕ 109 ಇದ್ದಾಗ, 9 ಲಕ್ಷ ಹಾಕಿದ್ದೆವು. ಅದು ಮಾರಿದ ವರ್ಷದ ಲೆಕ್ಕದಲ್ಲಿ 29.97 ಲಕ್ಷವಾಗುತ್ತದೆ. 2011-12ರಲ್ಲಿ, ಸೂಚ್ಯಂಕ 184 ಇದ್ದಾಗ, ಮಹಡಿಗೆ ಹಾಕಿದ 8 ಲಕ್ಷ 15.78 ಲಕ್ಷವಾಗುತ್ತದೆ. ಮಹಡಿಯ ಖರ್ಚನ್ನು ಬಿಟ್ಟು ನೋಡಿದರೆ ಹೊಸ ರೀತಿಯ ತೆರಿಗೆ 9.5 ಲಕ್ಷ, ಹಳೆಯ ರೀತಿಯದು 11 ಲಕ್ಷ. ಮಹಡಿಯ ಖರ್ಚನ್ನು ಸೇರಿಸಿದರೆ ಹೊಸ ರೀತಿಯದು 8.5 ಲಕ್ಷ, ಹಳೆಯದು 7.85 ಲಕ್ಷಕ್ಕೆ ಇಳಿಯುತ್ತದೆ. ಚಿರೇಕಲ್ಲು, ಸಿಮೆಂಟು, ಸಳಿಗಳ ಬಿಲ್ಲುಗಳನ್ನೂ ಗುತ್ತಿಗೆದಾರನಿಗೆ ಚೆಕ್ಕಿನಲ್ಲಿ ಕೊಟ್ಟ ಹಣದ ಪಾಸ್‌ಬುಕ್ ನಮೂದುಗಳನ್ನೂ ಹೆಂಡತಿ ಒಂದು ಫೈಲಿನಲ್ಲಿ ಕಟ್ಟಿಟ್ಟಿದ್ದಳು. ಯಾವ ರೀತಿ ನಮಗೆ ಲಾಭ ಎಂಬುದನ್ನು ಬದಲಿಸಿದ್ದು ಆ ಫೈಲು.

ಅದರ ಮೇಲೆ ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ 54ನೇ ಕಲಮಿನಂತೆ, ಮಾರಾಟಕ್ಕೆ ಒಂದು ವರ್ಷ ಮೊದಲಿನಿಂದ ಎರಡು ವರ್ಷದ ನಂತರದವರೆಗಿನ ಅವಧಿಯಲ್ಲಿ ಬೇರೆ ವಾಸದ ಮನೆ ಕೊಂಡರೆ ಅಷ್ಟು ಲಾಭಕ್ಕೆ ತೆರಿಗೆ ವಿನಾಯಿತಿ. ಹಳೆಯ ರೀತಿಯಲ್ಲಿ ನಮ್ಮ ಲಾಭ 39.25 ಲಕ್ಷ, ಹೊಸ ಮನೆಗೆ ಹೋದದ್ದು 51.2 ಲಕ್ಷ, ಹಾಗಾಗಿ ಲೆಕ್ಕಪರಿಶೋಧಕರು ತೆರಿಗೆಯೇ ಇಲ್ಲವೆಂದು ತೋರಿಸಿಕೊಟ್ಟರು. ಎರಡೂ ನೋಂದಣಿ ಒಂದೇ ತಿಂಗಳೊಳಗೆ ಮುಗಿದಿದ್ದರಿಂದ ಹಣವನ್ನು ಬಂಡವಾಳ ಲಾಭದ ಖಾತೆಯಲ್ಲಿ (ಹೊಸ ಮನೆ ಕೊಳ್ಳುವವರೆಗೆ ಲಾಭದ ಹಣ ಇಡುವ ಬ್ಯಾಂಕ್ ಖಾತೆ) ಇಡುವ ಪ್ರಸಂಗ ಬರಲಿಲ್ಲ. ನಿವೃತ್ತಿಯಾದ ಮೇಲೆ ಮಾರಿದರೆ ತೆರಿಗೆ ಕಡಿಮೆಯಾಗುತ್ತದೆಂದು ಹಲವರು ಹೇಳಿದ್ದರು. ಈ ಲಾಭದ ಮೇಲಿನ ದರ ಸಂಬಳದ ತೆರಿಗೆ ಹಂತಕ್ಕೆ ಸಂಬಂಧಿಸಿದ್ದಲ್ಲ, ಆದ್ದರಿಂದ ಕಾಯುವುದರಲ್ಲಿ ನಮಗೆ ಅರ್ಥ ಕಾಣಲಿಲ್ಲ.

ಮೊದಲು ಬಂದ ಗಿರಾಕಿಯೊಬ್ಬರು ಕಾಗದದಲ್ಲಿ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ಮಾತ್ರ ತೋರಿಸಿ ಉಳಿದದ್ದನ್ನು ನಗದು ಕೊಡುವೆನೆಂದರು, ನಾನು ಒಪ್ಪಲಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ 2015ರ ಜೂನ್ 1ರಿಂದ ಕಾನೂನಿನ ತಡೆಯಿದೆ. ಅದಲ್ಲದೆ ಮುಪ್ಪಿನ ಕಾಲದ ಹಣ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ನಮ್ಮ ಹೆಸರಿನಲ್ಲಿ ಕಾಣುವಂತೆ ಇರಬೇಕು. ಎರಡನೆಯವರು ಪೂರ್ತಿ 85 ಲಕ್ಷವನ್ನೂ ಬ್ಯಾಂಕಿನ ಮೂಲಕ ಕೊಟ್ಟರು, ಅದರಲ್ಲಿ ಶೇ. 1, ಅಂದರೆ 85,000 ರೂಪಾಯಿಯನ್ನು ನಿಯಮದಂತೆ ನನ್ನ ಪ್ಯಾನ್ ಸಂಖ್ಯೆಗೆ ತೆರಿಗೆಯಾಗಿ ಮುರಿದು ಕಟ್ಟಿದರು.

ಕಾಗದಪತ್ರಗಳೇ ಹೆಚ್ಚು ಸಮಯ ತಿಂದವು. ಬಿನ್‌ಶೇತ್ಕಿ ಆದೇಶ (ಜಾಗವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಉತಾರ (ಜಾಗದ ಹಕ್ಕಿನ ದಾಖಲೆ), ಮಹಡಿಯ ಕಟ್ಟಡ ಪರವಾನಗಿ, ಋಣಭಾರ ಪತ್ರ, ನಗರಸಭೆಯ ಇ-ಖಾತೆ ಎಲ್ಲವೂ ಒಂದಕ್ಕೊಂದು ಹೊಂದಬೇಕು. ನಮ್ಮ ದಾಖಲೆಯೊಂದರಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಬೇರೆಯಾಗಿ ನಮೂದಾಗಿತ್ತು. ಅದರ ತಿದ್ದುಪಡಿಗೇ ತಿಂಗಳುಗಳು ಹಿಡಿದವು. ನೌಕರಿಯಲ್ಲಿರುವಾಗಲೇ ಇದನ್ನೆಲ್ಲ ಸರಿಮಾಡಿಸಿ ಇಟ್ಟುಕೊಳ್ಳಿ, ಮಾರುವ ಯೋಚನೆ ಇಲ್ಲದಿದ್ದರೂ.

ಹೊಸ ಮನೆಯ ಬಚ್ಚಲಿಗೆ ಜಾರದ ಹಂಚು, ಹಿಡಿದುಕೊಳ್ಳಲು ಕಂಬಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು ಮಾಡಿಸಿದ ಖರ್ಚು, ದಲ್ಲಾಳಿ, ಸಾಗಾಟ ಎಲ್ಲ ಕಳೆದು 30 ಲಕ್ಷ ಉಳಿಯಿತು. ಅದನ್ನು ನಿವೃತ್ತಿಯವರೆಗೆ ಬ್ಯಾಂಕಿನಲ್ಲಿಟ್ಟು, ಆಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತೊಡಗಿಸಿದೆ. ಒಬ್ಬರಿಗೆ ಅಲ್ಲಿ ಇರುವ ಮಿತಿಯೂ 30 ಲಕ್ಷವೇ. ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಪಿಂಚಣಿಯನ್ನು ಸಂಸಾರಕ್ಕೆ ಬಳಸಿ, ಈ ಬಡ್ಡಿಯನ್ನು ಆರೋಗ್ಯವಿಮೆಯ ಕಂತಿಗೂ ವೈದ್ಯಕೀಯ ಖರ್ಚಿಗೂ ಎತ್ತಿಡುತ್ತಿದ್ದೇವೆ. ಹೊಸ ಮನೆಯನ್ನು ಇಬ್ಬರ ಹೆಸರಿನಲ್ಲೂ ನೋಂದಾಯಿಸಿದ್ದೇವೆ. 54ನೇ ಕಲಮಿನ ವಿನಾಯಿತಿ ಉಳಿಯಬೇಕಾದರೆ ಅದನ್ನು ಮೂರು ವರ್ಷ ಮಾರುವಂತಿಲ್ಲವಾದ್ದರಿಂದ, 2028ರ ಫೆಬ್ರವರಿ ಕಳೆಯುವವರೆಗೆ ಈ ಮನೆಯ ವಿಷಯದಲ್ಲಿ ಹೊಸ ಚರ್ಚೆಯಿಲ್ಲ. ಇಬ್ಬರೂ ತಲಾ ಇಬ್ಬರು ಸಾಕ್ಷಿಗಳ ಎದುರು ಮೃತ್ಯುಪತ್ರಕ್ಕೆ ಸಹಿ ಹಾಕಿ, ಕಡ್ಡಾಯವಲ್ಲದಿದ್ದರೂ ಅವನ್ನು ನೋಂದಾಯಿಸಿ, ಒಂದೊಂದು ನಕಲನ್ನು ಮಗಳಿಗೆ ಕೊಟ್ಟಿದ್ದೇವೆ.